ಜೋಳದ ಹಿಟ್ಟಿನಲ್ಲಿ ಬರೆದದ್ದು

ಕುಮಟೆಯ ಬಂದರು ಬಿಟ್ಟಾಗಿನಿಂದ ಹತ್ತಿಮತ್ತೂರಿನ ಗುತ್ತೆವ್ವನ ಸಿಟ್ಟು ಉರಿಯುತ್ತಲೇ ಇತ್ತು. ಮುಂಬಯಿಗೆ ಹೊರಟಿದ್ದ ಉಗಿಹಡಗು ಆಗಬೋಟಿನ ಹೊಗೆಗಿಂತ ಅವಳ ಉಸಿರೇ ಬಿಸಿ. ಅದು ದೊಡ್ಡ ಯುದ್ಧದ ಹಿಂದಿನ ವರ್ಷ. ಅಳಿಯ ಪರಮೇಶಪ್ಪ ಮುಂಬಯಿಯ ಹತ್ತಿ ಪೇಟೆಯಲ್ಲಿ ಕಾರಕೂನನಾಗಿದ್ದ. ಮದುವೆಯಾಗಿ ವರ್ಷಗಳಾದರೂ ಮಗಳು ದಾನವ್ವನನ್ನು ಕರೆಸಿಕೊಂಡಿರಲಿಲ್ಲ. ಈಗ ಊರವನೊಬ್ಬನ ಬಾಯಲ್ಲಿ ಹೇಳಿ ಕಳಿಸಿದ್ದ: “ಓದು ಬರಹ ಬಂದರ ಇಟ್ಕೋತೇನಿ. ಇಲ್ಲಂದ್ರ ಅಲ್ಲೇ ಇರಲಿ.”

“ಎಮ್ಮಿ ಎಷ್ಟ ಹಿಂಡತೈತಿ ಅಂತ ಕೇಳ್ದಂಗ ಕೇಳ್ಯಾನ,” ಎಂದು ಗುತ್ತೆವ್ವ ಹಲ್ಲು ಕಡಿದಳು. ಆದರೂ ಹೊರಟಳು. ಮಗಳ ಬಾಳು ನಿಲ್ಲಬೇಕಲ್ಲ. ಕುಮಟೆಯ ಹತ್ತಿ ವಖಾರಿಯಲ್ಲಿ ಕೆಲಸಕ್ಕಿದ್ದ ಅವಳ ತಮ್ಮ ತಾಯಿ ಮಗಳಿಬ್ಬರನ್ನೂ ಬೋಟು ಹತ್ತಿಸಿದ.

ಪಕ್ಕದಲ್ಲಿ ಚಾಪೆ ಹಾಸಿದ್ದವರು ಮಗನ ಮನೆಗೆ ಹೊರಟಿದ್ದ ಶಿಗ್ಗಾವಿಯ ಗೋಪಿಕಾಬಾಯಿ. ಅವರಿಗೆ ಓದು ಬರುತ್ತದೆಂದು ತಿಳಿದದ್ದೇ ತಡ, ಗುತ್ತೆವ್ವ ಗಂಟಿನ ಜೋಳದ ಹಿಟ್ಟನ್ನು ಹಿತ್ತಾಳೆಯ ಅಗಲ ತಟ್ಟೆ ಪರಾತದಲ್ಲಿ ಹರವಿ ಮುಂದಿಟ್ಟಳು.

“ಕಲಿಸ್ರಿ ಬಾಯಾರ. ಇಬ್ಬರಿಗೂ.”

“ನಿನಗ್ಯಾಕವಾ, ಈ ವಯಸ್ಸಿನ್ಯಾಗ?”

“ಅಂವ ಪರೀಕ್ಷಾ ಮಾಡೂ ಮುಂದ ಖರೇ ಹೇಳ್ತಾನೋ ಸುಳ್ಳ ಹೇಳ್ತಾನೋ ನನಗೂ ತಿಳೀಬೇಕಲ್ರಿ.”

ಗೋಪಿಕಾಬಾಯಿ ಮಡಿಯವರು. ರೊಟ್ಟಿ ಕೊಟ್ಟರೆ “ಬ್ಯಾಡವಾ” ಎಂದರು. ಹಿಟ್ಟಿನಲ್ಲಿ ಮಾತ್ರ ಬೆರಳಾಡಿಸಿದರು.

“ಹಿಟ್ಟಿಗಿಲ್ಲದ ಮೈಲಿಗಿ ರೊಟ್ಟಿಗೆ ಹೆಂಗ ಬಂತ್ರಿ?” ಗುತ್ತೆವ್ವ ಚುಚ್ಚಿದಳು.

“ನೀ ಅಕ್ಷರ ನೋಡು,” ಎಂದರು ಅವರು, ನಗು ತಡೆದುಕೊಂಡು.

ಅಲೆ ಬಡಿದಾಗ ಪರಾತ ಜಾರಿ ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು. ದಾನವ್ವ ಚಿಕ್ಕಂದಿನಲ್ಲಿ ಕೆಲವು ತಿಂಗಳು ಶಾಲೆಗೆ ಹೋದವಳು, ಬೇಗ ಹಿಡಿದಳು. ಗುತ್ತೆವ್ವ ತಪ್ಪಿದಾಗಲೆಲ್ಲ ಅಳಿಯನನ್ನು ಬೈದು ಮತ್ತೆ ಬೆರಳೂರುವಳು.

ಮರುದಿನ ದಾನವ್ವ ತಾನಾಗಿಯೇ ಒಂದು ಮಾತು ಬರೆದು ಓದಿದಳು: ಬ್ಯಾಡ.

“ಹಂಗಲ್ಲವಾ. ‘ಬೇಡ’ ಅಂತ ಬರೀಬೇಕು,” ಎಂದು ಗೋಪಿಕಾಬಾಯಿ ಅಳಿಸಿದರು. ಹುಡುಗಿ ಮತ್ತೆ ಹಾಗೆಯೇ ಬರೆದಳು.

ಗುತ್ತೆವ್ವ ಸಿಡಿದಳು. “ರೊಟ್ಟಿ ಕೊಟ್ಟಾಗ ನೀವು ಏನಂದ್ರಿ? ಬಾಯಿಗೊಂದು, ಬೆರಳಿಗೊಂದು ಯಾಕ್ರಿ?”

“ಬರಿಯೂ ಪದ್ಧತಿ ಹಂಗ ಅದವಾ.”

“ಸುಡ್ರಿ ಪದ್ಧತಿ.”

ಮುಂಬಯಿಯಲ್ಲಿ ಹಡಗು ನಿಲ್ಲುವ ಧಕ್ಕೆಯ ಮೇಲೆ ಪರಮೇಶಪ್ಪ ಕರಿಕೋಟು ತೊಟ್ಟು, ಗೆಳೆಯನೊಬ್ಬನನ್ನು ಜೊತೆಗೆ ಕರೆತಂದು ನಿಂತಿದ್ದ. ಅತ್ತೆಗೆ ಶರಣಾರ್ಥಿಯಿಲ್ಲ. ಹೆಂಡತಿಯನ್ನು ‘ಉಂಡೆಯಾ’ ಎಂದು ಕೇಳಲಿಲ್ಲ.

“ನೋಡಪಾ, ಇದ ನಮ್ಮ ಹಳ್ಳಿ ಗೊಂಬಿ,” ಎಂದ ಗೆಳೆಯನಿಗೆ. ಆಮೇಲೆ ಅವಳಿಗೆ, “ಏನ್ ಕಲತೀ, ಬರದ್ ತೋರ್ಸು. ಇಲ್ಲೇ.”

“ಮನೀಗೆ ಹೋಗಿ ತೋರಸ್ತಾಳ್ರಿ ಅಳಿಯಾರ.”

“ಪಾಸಾದರ ಮನಿ. ನಿಮಗ ತಿಳಿಯೂದಿಲ್ಲ, ಸುಮ್ನಿರ್ರಿ.”

ದಾನವ್ವ ಗಂಟು ಬಿಚ್ಚಿದಳು. ಉಳಿದ ಹಿಟ್ಟನ್ನು ಪರಾತಕ್ಕೆ ಸುರುವಿ, ಅವಸರವಿಲ್ಲದೆ ಬರೆದು, ಗಂಡನ ಬೂಟಿನ ಮುಂದಕ್ಕೆ ತಳ್ಳಿದಳು.

ಗುತ್ತೆವ್ವ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿದಳು. ಬ್ಯಾ. ಡ. ಹುಟ್ಟಿದಂದಿನಿಂದ ತಾನೇ ಓದಿದ ಮೊದಲ ಮಾತು ಅದು. ಸಿಟ್ಟು ನೆತ್ತಿಗೇರಿತು, ಮೊದಲು ಮಗಳ ಮೇಲೆಯೇ. ಬೆರಳು ಸವೆಸಿದ್ದು ಇದಕ್ಕೇನು? ಆದರೆ ತಲೆಯೆತ್ತಿ ನಿಂತ ಮಗಳ ಮುಖ ನೋಡಿದಳು. ಎದ್ದು ಅವಳ ಪಕ್ಕಕ್ಕೆ ಹೋಗಿ ನಿಂತಳು.

ಪರಮೇಶಪ್ಪ ನಕ್ಕ. “ಇದೂ ತಪ್ಪು. ‘ಬೇಡ’ ಅಂತ ಬರೀಬೇಕು.”

“ತಪ್ಪಿರಲಿ,” ಎಂದಳು ಗುತ್ತೆವ್ವ. “ತಿಳೀತೋ ಇಲ್ಲೋ ನಿನಗ?”

ಅಳಿಯನಿಗೆ ಇಷ್ಟು ವರ್ಷ ಹಚ್ಚಿದ ‘ರಿ’ ಅವಳ ಬಾಯಿಂದ ಉದುರಿಹೋಗಿತ್ತು. ಅವನ ನಗು ಅಲ್ಲೇ ನಿಂತಿತು. ಅವಳು ಪರಾತ ಎತ್ತಿ, ಹಿಟ್ಟನ್ನು ಚೆಲ್ಲದಂತೆ ಮತ್ತೆ ಅರಿವೆಯಲ್ಲಿ ಕಟ್ಟಿಕೊಂಡಳು. ಊರಿಗೆ ಹೊರಳಿ ಹೋಗುವ ದಾರಿಗೆ ಇಬ್ಬರಿಗೂ ರೊಟ್ಟಿ ಬೇಕಲ್ಲ.