ಹೈಜಿಯಾಪೊ ಬಂತು, ಇಳೀರಿ

ಸಮತಟ್ಟಾದ ಅಂಗಳದಲ್ಲೂ ಪೆಯ್ ಐರೊಂಗ್ ಕಾಲುಗಳನ್ನು ಅಗಲಿಸಿ, ಒಂದು ಕೈಯನ್ನು ಮೇಲಿನ ಕಂಬಿ ಹಿಡಿಯಲೆಂಬಂತೆ ತುಸು ಎತ್ತಿಕೊಂಡೇ ನಡೆಯುತ್ತಾಳೆ. ಕಾಲಡಿಯ ಭೂಮಿ ಯಾವ ಗಳಿಗೆಯಲ್ಲಾದರೂ ಬ್ರೇಕು ಹಾಕೀತೆಂಬ ಗುಮಾನಿ ಆಕೆಗೆ. ಉಪ್ಪಿನ ಸರೋವರದ ದಂಡೆಯ ಪೇಟೆಯಿಂದ ಝೊಂಗ್‌ಟಿಯಾವ್ ಬೆಟ್ಟದ ಊರುಗಳಿಗೆ ಹತ್ತುವ ಬಸ್ಸಿನಲ್ಲಿ ಆಯುಷ್ಯದ ಬಹುಪಾಲನ್ನು ನಿಂತೇ ಸವೆಸಿದ ಕಂಡಕ್ಟರು ಆಕೆ. ಬೇಸಿಗೆ ಕಾಲಿಡುವವರೆಗೂ ಮೈಮೇಲೆ ಅದೇ ಹತ್ತಿ ತುಂಬಿದ ನೀಲಿ ಕೋಟು, ಕೋಟಿನ ಬಲಜೇಬಿನಲ್ಲಿ ವಿನಿಗರಿನ ಪುಟ್ಟ ಸೀಸೆ. ಗಂಟಲು ಕಟ್ಟಿದಾಗೆಲ್ಲ ಒಂದು ಗುಟುಕು. ದಕ್ಷಿಣ ಚೀನಾದಿಂದ ಬಂದ ಪ್ರವಾಸಿಯೊಬ್ಬ ಕಂಠಕ್ಕೆ ಜೇನು ಒಳ್ಳೆಯದೆಂದು ಉಪದೇಶಿಸಿದ್ದಕ್ಕೆ, "ಜೇನು ಕುಡಿದೋರು ಹಾಡ್ತಾರೆ ಕಣಪ್ಪ, ನಾನು ಕೂಗ್ಬೇಕು. ನಂಗೆ ಹುಳೀನೇ ಬೇಕು" ಅಂದಿದ್ದಳು.

ಆ ಕೂಗಿಗೆ ಬೆಟ್ಟದ ನಾಯಿಗಳೂ ಎದ್ದು ನಿಲ್ಲುತ್ತಿದ್ದವು. ಊರಿನ ಹೆಸರೊಂದನ್ನೇ ಹೇಳಿ ಸುಮ್ಮನಾಗುವ ಜಾಯಮಾನ ಆಕೆಯದಲ್ಲ. "ಹೈಜಿಯಾಪೊ ಬಂತು, ಇಳೀರಿ! ದೋಂಗ್ ಅಜ್ಜಿ, ಗೊರಕೆ ಹೊಡ್ದಿದ್ದು ಸಾಕು, ಬುಟ್ಟಿ ಎತ್ಕೊಳ್ಳಿ! ನಿಮ್ಮ ಕೋಳಿ ಆಗ್ಲಿಂದ ನನ್ನ ಕಾಲು ಕುಕ್ತಾ ಇದೆ!" ದೋಂಗ್ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪೇಟೆಯಲ್ಲಿ ಮೊಟ್ಟೆ ಮಾರಿ ಬಸ್ಸು ಹತ್ತಿದರೆ ಮತ್ತೆ ಎಚ್ಚರವಾಗುತ್ತಿದ್ದುದು ಆ ಧ್ವನಿಗೇ. "ನಿನ್ನ ಬಾಯಿಗೆ ಹೆದರಿ ಕೋಳಿ ಮೊಟ್ಟೆ ಇಡೋದೇ ಬಿಟ್ಟಿದೆ, ಮಾರಾಯ್ತಿ" ಎಂದು ಬೈಯುತ್ತ ಅಜ್ಜಿ ಇಳಿಯುತ್ತಿದ್ದಳು.

ಹೀಗಿರುವಾಗ ಬಸ್ಸಿನವರಿಗೆ ಸುಧಾರಣೆಯ ಹುಚ್ಚು ಹಿಡಿಯಿತು. ಕಂಡಕ್ಟರುಗಳನ್ನು ಮನೆಗೆ ಕಳಿಸಿದರು. ಬಸ್ಸಿನ ಮೈಗೆಲ್ಲ ಹೊಸ ಬಣ್ಣ ಬಳಿದು, ಶಾನ್‌ಶೀ ಪ್ರಾಂತ್ಯದ ಐದು ಸಾವಿರ ವರ್ಷಗಳ ನಾಗರಿಕತೆಗೆ ಸ್ವಾಗತ ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸಿದರು. ಚಾಲಕನ ತಲೆಯ ಮೇಲೆ ಒಂದು ಯಂತ್ರ ಕೂಡಿಸಿದರು. ನಯವಾದ ಹೆಣ್ಣುಧ್ವನಿಯೊಂದು ಅದರೊಳಗಿಂದ ಊರುಗಳ ಹೆಸರು ಹೇಳತೊಡಗಿತು.

ನಮ್ಮ ಬೆಟ್ಟದ ಹೆಸರುಗಳಿಗೆ ಒಂದು ತಂಟೆಯಿದೆ. ಹೈಜಿಯಾಪೊ ಎಂದರೆ ಹೈ ಮನೆತನದವರ ದಿಬ್ಬ. ಆ 'ಹೈ' ಎಂಬುದನ್ನು ಬರೆಯುವ ಅಕ್ಷರವನ್ನು ರಾಜಧಾನಿಯ ಪುಸ್ತಕಗಳು 'ಜಿಯೆ' ಎಂದು ಓದುತ್ತವೆ; ನಾವು ತಲೆತಲಾಂತರದಿಂದ ಓದಿದ್ದು 'ಹೈ' ಎಂದೇ. ಯಂತ್ರ ಪುಸ್ತಕದ ಪಕ್ಷ. "ಮುಂದಿನ ನಿಲ್ದಾಣ, ಜಿಯೆಜಿಯಾಪೊ" ಎಂದು ಅದು ಸಕ್ಕರೆ ಸುರಿದ ದಿನ ದೋಂಗ್ ಅಜ್ಜಿ ಕಿವಿ ನಿಮಿರಿಸಿಕೊಂಡೇ ಕೂತಿದ್ದಳು, ತನ್ನ ಊರು ಬರಲಿ ಎಂದು. ಊರು ಬಂತು, ಹೋಯಿತು. ಬಸ್ಸು ಕಣಿವೆಯಾಚೆ ಕೊನೆಯ ತಿರುವಿನಲ್ಲಿ ಅವಳನ್ನು ಇಳಿಸಿತು. ಹಿಮ ಕಟ್ಟಿದ ರಸ್ತೆಯಲ್ಲಿ ತಡಕಾಡುತ್ತ ಹಿಂದಕ್ಕೆ ನಡೆದವಳು ಚರಂಡಿಗೆ ಬಿದ್ದು ಸೊಂಟ ಮುರಿದುಕೊಂಡಳು. ಆಮೇಲೆ ಅವಳು ಪೇಟೆಗೆ ಹೋಗಲೇ ಇಲ್ಲ.

ಐರೊಂಗ್ ಸುದ್ದಿ ಕೇಳಿದವಳೇ ಬಸ್ಸಿನವರ ಕಚೇರಿಗೆ ನುಗ್ಗಿದಳು. ಕುರ್ಚಿಯಲ್ಲಿದ್ದ ಕಿರಿಯ ಅಧಿಕಾರಿ ನಕಾಶೆ ತೋರಿಸಿದ.

"ಉಚ್ಚಾರಣೆ ಸರಿಯಾಗೇ ಇದೆ ಅಮ್ಮ. ಪ್ರಯಾಣಿಕರು ಗಮನವಿಟ್ಟು ಕೇಳ್ಬೇಕಿತ್ತು."

"ಕೇಳಿದ್ಲು ಕಣೋ! ಇಡೀ ದಾರಿ ಕೇಳ್ತಾನೇ ಕೂತಿದ್ಲು. ನೀವು ಅವಳೂರಿನ ಹೆಸರು ಹೇಳಿದ್ರಾ?"

"ಸರ್ಕಾರಿ ಹೆಸರು ಅದೇ ಅಲ್ವಾ?"

"ನಿನ್ನ ನಾನು ಬೇರೆ ಹೆಸರಲ್ಲಿ ಕೂಗಿದ್ರೆ ತಿರುಗಿ ನೋಡ್ತೀಯಾ?"

ಅವನು ಅವಳ ಮುಂದೆ ಚಹಾ ಇಟ್ಟು ಫೋನು ಕೈಗೆತ್ತಿಕೊಂಡ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಆ ಚಹಾದ ವಿಷಯಕ್ಕೆ. ಬೈದಿದ್ದರೆ ಜಗಳವಾದರೂ ಆಗುತ್ತಿತ್ತು. ಮುದುಕಿಯೊಬ್ಬಳ ಸೊಂಟ ಮುರಿದದ್ದಕ್ಕೆ ಬಿಸಿನೀರಿನಲ್ಲಿ ಎಲೆ ತೇಲಿಸಿ ಕೊಟ್ಟು ಕಳಿಸುವ ಸೌಜನ್ಯವಿದೆಯಲ್ಲ, ಅದಕ್ಕಿಂತ ದೊಡ್ಡ ಅಹಂಕಾರವನ್ನು ನಾನು ಕಂಡಿಲ್ಲ.

ಐರೊಂಗ್ ಚಹಾ ಮುಟ್ಟಲಿಲ್ಲ. ಮರುದಿನದಿಂದ ಅದೇ ನೀಲಿ ಕೋಟು ತೊಟ್ಟು, ಟಿಕೆಟ್ಟು ಕೊಂಡು ಬಸ್ಸು ಹತ್ತತೊಡಗಿದಳು. ಆಸನ ಖಾಲಿಯಿದ್ದರೂ ಬಾಗಿಲ ಬಳಿ ನಿಂತೇ ಇರುತ್ತಾಳೆ. ಯಂತ್ರ ಬಾಯಿ ತೆರೆಯುವುದಕ್ಕೂ ಮುಂಚೆ ಸೀಸೆಯಿಂದ ಗುಟುಕು ಹೀರಿ, ಊರಿನ ಹೆಸರು ಕೂಗುತ್ತಾಳೆ. ಗದ್ದಲ ಮಾಡಬಾರದೆಂದು ಬಸ್ಸಿನವರು ತಾಕೀತು ಮಾಡಿದರು, ನೀವೀಗ ಬರೀ ಪ್ರಯಾಣಿಕರು ಎಂದು ನೆನಪಿಸಿದರು. "ಪ್ರಯಾಣಿಕಳಿಗೆ ಬಾಯಿ ಇಲ್ವೇನ್ರಪ್ಪಾ?" ಎಂಬುದು ಅವಳ ಉತ್ತರ. ಬೆಟ್ಟದ ಹಳೆಯ ದೇವಾಲಯಗಳ ಚಿತ್ರ ತೆಗೆಯಲು ಬಂದ ಪೇಟೆಯವರು ಕಿವಿ ಮುಚ್ಚಿಕೊಳ್ಳುತ್ತಾರೆ. ಹಳೆಯ ಕಂಬ, ತೊಲೆ, ಗೋಪುರಗಳ ಮುಂದೆ ಕಣ್ಣೀರು ತಂದುಕೊಳ್ಳುವ ಈ ಜನಕ್ಕೆ, ಅವುಗಳಷ್ಟೇ ಹಳೆಯದಾದ ಒಂದು ಶಬ್ದ ಪಕ್ಕದಲ್ಲೇ ಉಸಿರಾಡಿದರೆ ತಲೆನೋವು!

ಹೋದ ಶರತ್ಕಾಲ, ಪರ್ಸಿಮನ್ ಹಣ್ಣುಗಳು ಮರದಲ್ಲೇ ಕೆಂಪಾಗಿದ್ದ ಕಾಲ. ಹೈಜಿಯಾಪೊ ಬಂತೆಂದು ಆಕೆ ಕೂಗಿದಾಗ, ಇಳಿಯಲೆಂದು ಎದ್ದ ಶಾಲೆಯ ಹುಡುಗಿಯೊಬ್ಬಳು ಮೆಲ್ಲಗೆ ತಿದ್ದಿದಳು.

"ಅಜ್ಜೀ, ಅದು ಜಿಯೆಜಿಯಾಪೊ. ಟೀಚರ್ ಹೇಳಿದ್ದಾರೆ."

ಬಸ್ಸಿಗೆ ಬಸ್ಸೇ ಇತ್ತ ತಿರುಗಿತು. ಐರೊಂಗಳ ಮುಖ ಮೊದಲು ಕಪ್ಪಿಟ್ಟಿತು, ಆಮೇಲೆ ನಿಧಾನವಾಗಿ ಸಡಿಲಾಯಿತು. ನನಗೆ ತಿಳಿದಂತೆ ಅವಳು ದನಿ ತಗ್ಗಿಸಿ ಮಾತಾಡಿದ್ದು ಅದೊಂದೇ ಸಲ.

"ಹೌದಾ ಪುಟ್ಟಿ? ನೀನು ಯಾರ ಮನೆ ಮಗು?"

"ಹೈ ಮನೆಯೋಳು."

"ಹಾಗಾದ್ರೆ ಬಸ್ಸು ಯಾರ ದಿಬ್ಬದ ಮೇಲೆ ನಿಂತಿದೆ, ಹೇಳು?"

ಹುಡುಗಿ ಕಿಟಕಿಯಾಚೆ ತನ್ನ ಮನೆಯನ್ನೊಮ್ಮೆ ನೋಡಿದಳು, ಯಂತ್ರವನ್ನೊಮ್ಮೆ ನೋಡಿದಳು, ಇಳಿದು ಓಡಿದಳು.

ಪೆಯ್ ಐರೊಂಗಳಂಥವರು ಪ್ರತಿ ಸೀಮೆಯಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ. ಗಂಟಲು ದೊಡ್ಡದು, ನಾಲಿಗೆಗೆ ನಯವಿಲ್ಲ, ಕಾಲ ಬದಲಾದದ್ದು ಗೊತ್ತಿಲ್ಲ ಎಂದು ನಾವು ಮುಖ ತಿರುಗಿಸುವುದು ಇವರನ್ನು ಕಂಡೇ. ಇವರು ಬಾಯಿ ಮುಚ್ಚಿದ ದಿನ ಬಸ್ಸು ಹೊತ್ತಿಗೆ ಸರಿಯಾಗಿ ಹೊರಡುತ್ತದೆ, ಯಂತ್ರ ಸ್ಪಷ್ಟವಾಗಿ ಮಾತಾಡುತ್ತದೆ, ಯಾರಿಗೂ ತಲೆನೋವಿರುವುದಿಲ್ಲ. ನಾವು ಮಾತ್ರ ಕಿವಿ ನಿಮಿರಿಸಿಕೊಂಡೇ ನಮ್ಮ ಊರು ದಾಟಿ ಹೋಗಿರುತ್ತೇವೆ.