ಹಕ್ಕಿ ಹಿಡಿಯುವ ಲೆನ್ಸು

ಚಟ್ಟಕ್ಕೆ ಬಿದಿರು ಸೀಳುತ್ತಿದ್ದ ಸೊಣ್ಣಪ್ಪ ಮಚ್ಚನ್ನು ನೆಲಕ್ಕಿಟ್ಟು, ಹೆಗಲ ಟವೆಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ಅಣ್ಣನ ಮನೆಯ ಬಾಗಿಲಿಗೆ ಬಂದ.

"ಅತ್ತಿಗೆ, ಅಣ್ಣಂದು ಒಂದು ಫೋಟೋ ಕೊಡಿ. ತಲೆದೆಸೀಲಿ ಇಡ್ಬೇಕು. ಬಂದೋರೆಲ್ಲ ಕೇಳ್ತಾವ್ರೆ."

ಗಂಡನ ತಲೆಯ ಪಕ್ಕ ಕೂತಿದ್ದ ವೆಂಕಟರತ್ನಮ್ಮ ಮುಖ ಎತ್ತಿದಳು. ಬೆಳಗ್ಗೆ ಎದೆನೋವು ಎಂದು ಎದ್ದು ಕೂತ ಕೋದಂಡಪ್ಪ, ಅವಳು ನೀರು ತರುವುದರೊಳಗೆ ಹೋಗಿಬಿಟ್ಟಿದ್ದ. ಆಗಿನಿಂದ ಅವಳ ಅಳು ನಿಂತಿರಲಿಲ್ಲ. ಆದರೂ ಮೈದುನನ ಮಾತಿಗೆ ಅವಳಿಗೆ ನಗು ಬಂದ ಹಾಗಾಯಿತು. ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ, ಕಾರ್ಮಿಕರ ಆ ಲೈನಿನ ನಲವತ್ತು ಮನೆಗಳಲ್ಲಿ ಕೋದಂಡಪ್ಪ ತೆಗೆದ ಫೋಟೋ ಇಲ್ಲದ ಗೋಡೆ ಒಂದೂ ಇರಲಿಲ್ಲ. ಅವನ ಫೋಟೋ ಮಾತ್ರ ಎಲ್ಲೂ ಇರಲಿಲ್ಲ.

"ಇಲ್ಲ ಸೊಣ್ಣಪ್ಪ," ಅಂದಳು.

"ಇಲ್ದೆ ಏನು? ಹದಿನೈದು ವರ್ಷದಿಂದ ಅದೇ ಕೆಲ್ಸ ಮಾಡ್ದೋನು!"

"ತೆಗೆಯೋರು ಅವರೇ ಆದ್ರೆ ಅವರದ್ದು ಯಾರು ತೆಗೀತಾರೆ?"

ಸೊಣ್ಣಪ್ಪ ಸುಮ್ಮನಿರುವ ಆಳಲ್ಲ. ಒಳಗೆ ಹೋಗಿ ಟ್ರಂಕು ಕೆದಕಿ ಗಣಿಯ ಗುರುತಿನ ಚೀಟಿ ಹುಡುಕಿ ತಂದ. ಅದರಲ್ಲಿ ಇಪ್ಪತ್ತೈದು ವರ್ಷದ ಕೋದಂಡಪ್ಪ ಎಣ್ಣೆ ಹಚ್ಚಿ ಬಾಚಿದ ತಲೆ, ಬೆದರಿದ ಕಣ್ಣು, ಎದೆಗೆ ಹಿಡಿದ ನಂಬರಿನ ಹಲಗೆಯೊಂದಿಗೆ ನಿಂತಿದ್ದ.

"ಇದನ್ನೇ ರಾಬರ್ಟ್‌ಸನ್‌ಪೇಟೆ ಸ್ಟುಡಿಯೋದಾಗೆ ದೊಡ್ಡದು ಮಾಡ್ಸಾನ. ನಂಬರ್ ಅಳಿಸಿ ಕೋಟು ಬರ್ದು ಕೊಡ್ತಾರೆ."

"ಅವರು ಜನ್ಮದಾಗೆ ಕೋಟು ಆಕ್ದೋರಲ್ಲ. ಕಳ್ಳನಂಗೆ ನಂಬರ್ ಹಿಡ್ಕೊಂಡಿರೋ ಮುಖ ನನ್ನ ಗೋಡೆ ಮ್ಯಾಲೆ ಬ್ಯಾಡ." ಅವಳ ದನಿ ಗಟ್ಟಿಯಾಯಿತು. "ಊರೋರ ಮುಖವೆಲ್ಲ ಯಾವ ಲೆನ್ಸಿನಾಗೆ ಬಂತೋ ಅವರ ಮುಖಾನೂ ಅದ್ರಾಗೇ ಬರ್ಬೇಕು. ಮಣ್ಣಿಗೆ ಓಗೋದ್ರೊಳಗೆ ನಾನೇ ತೆಗೀತೀನಿ."

ಸೊಣ್ಣಪ್ಪನ ಮುಖ ಹುಳ್ಳಗಾಯಿತು.

"ಇವತ್ತಾದ್ರೂ ಆ ಹಸೂನ ಈಚೆ ತರ್ಬೇಡಿ ಅತ್ತಿಗೆ," ಅಂದ.

*

ಆ ಲೆನ್ಸಿಗೆ ಹಸು ಎಂದು ಹೆಸರಿಟ್ಟವನು ಸೊಣ್ಣಪ್ಪನೇ. ಅದಕ್ಕೆ ಕಾರಣವೂ ಇತ್ತು.

ಕ್ಯಾಸಂಬಳ್ಳಿ ಪಕ್ಕದ ಊರಿನ ರಾಗಿ ಹೊಲವನ್ನು ತಮ್ಮನಿಗೆ ಬಿಟ್ಟು ಕೋದಂಡಪ್ಪ ಗಣಿ ಸೇರಿದ್ದ. ಆಳದ ಬಾವಿಯಂಥ ಶಾಫ್ಟಿನ ಬಾಯಲ್ಲಿ ನಿಂತು, ಕೆಳಗಿಳಿಯುವವರನ್ನು ಕೇಜಿಗೆ ಹತ್ತಿಸಿ, ಬಾಗಿಲು ಹಾಕಿ, ಗಂಟೆ ಹೊಡೆಯುವುದು ಅವನ ಕೆಲಸ. ಗಂಟೆ ಹೊಡೆಯುವ ಮೊದಲು ಒಳಗಿದ್ದ ಒಬ್ಬೊಬ್ಬರ ಮುಖವನ್ನೂ ನೋಡುವುದು ಅವನಿಗೆ ಅಭ್ಯಾಸವಾಗಿತ್ತು. ಒಂದು ವರ್ಷ ಅವನ ಶಿಫ್ಟಿನ ಇಬ್ಬರು ಕಾಯಿಲೆ ಬಿದ್ದು ತೀರಿಕೊಂಡರು. ಎರಡು ಮನೆಯಲ್ಲೂ ಹಾರ ಹಾಕಲು ಸಿಕ್ಕಿದ್ದು ನಂಬರ್ ಹಿಡಿದ ಚೀಟಿಯ ಫೋಟೋಗಳೇ. ಕೋದಂಡಪ್ಪನಿಗೆ ಅದನ್ನು ಸಹಿಸಲಾಗಲಿಲ್ಲ. ಹಳೆಯದೊಂದು ರಷ್ಯಾ ಕ್ಯಾಮೆರಾ ಕೊಂಡುತಂದ. ಆ ವರ್ಷದ ಆಯುಧಪೂಜೆಗೆ ಫುಟ್‌ಬಾಲ್ ಮೈದಾನದಲ್ಲಿ ಇಡೀ ಶಿಫ್ಟನ್ನು ಸಾಲಾಗಿ ನಿಲ್ಲಿಸಿ ಫೋಟೋ ಹೊಡೆದ. ತೊಳೆಸಿ ತಂದಾಗ ನೋಡಿದರೆ ನಲವತ್ತು ಮುಖಗಳೂ ಸಾಸಿವೆ ಕಾಳಿನಷ್ಟಾಗಿದ್ದವು.

"ಲೆನ್ಸ್ ಚಿಕ್ಕದಾಯ್ತು," ಎಂದು ಹೆಂಡತಿಗೆ ಖಡಾಖಂಡಿತವಾಗಿ ಹೇಳಿದ. "ದೊಡ್ಡ ಪಾತ್ರೆ ಇಟ್ರೆ ತಾನೆ ದೊಡ್ಡ ಮನೆಗೆ ಅನ್ನ ಆಗೋದು?"

ಅದು ಎಪ್ಪತ್ನಾಲ್ಕನೇ ಇಸವಿ. ಡಿಕ್ರೂಜ್ ದೊರೆ ಎಂಬ ಗಣಿಯ ಅಧಿಕಾರಿ ಆಸ್ಟ್ರೇಲಿಯಾಕ್ಕೆ ಹೊರಟು, ಬಂಗಲೆಯ ವರಾಂಡದಲ್ಲಿ ಸಾಮಾನು ಹರವಿ ಮಾರುತ್ತಿದ್ದ. ಎಲ್ಲರೂ ಮಂಚ, ಗಡಿಯಾರ ಎಂದು ಮುಗಿಬಿದ್ದರೆ ಕೋದಂಡಪ್ಪನ ಕಣ್ಣು ಮೊಣಕೈಯುದ್ದದ ಕರಿಯ ಲೆನ್ಸಿನ ಮೇಲೆ ಬಿತ್ತು. ಬೇತಮಂಗಲದ ಕೆರೆಯಲ್ಲಿ ಹಕ್ಕಿಗಳ ಫೋಟೋ ತೆಗೆಯಲು ದೊರೆ ತರಿಸಿಕೊಂಡಿದ್ದ ಲೆನ್ಸು ಅದು. ಯಾವುದಕ್ಕೆ ಎಂದು ಕೋದಂಡಪ್ಪ ಕೇಳಲಿಲ್ಲ. ತಿರುಪು ಕ್ಯಾಮೆರಾಕ್ಕೆ ಸರಿಯಾಗಿ ಕೂರುತ್ತದೆಯೇ ಎಂದಷ್ಟೇ ನೋಡಿದ. ಕೂತಿತು. ತಮ್ಮನಿಗೆ ಸೀಮೆಹಸು ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದ ಬೋನಸ್ಸನ್ನು ಅಲ್ಲೇ ಕೊಟ್ಟ. ಅದು ಸಾಲದೆಂದು ಕ್ಯಾಮೆರಾದ ಜೊತೆ ಬಂದಿದ್ದ ಚಿಕ್ಕ ಲೆನ್ಸನ್ನೂ ಬಿಚ್ಚಿ ಕೊಟ್ಟುಬಿಟ್ಟ. ದೊಡ್ಡದು ಬಂದ ಮೇಲೆ ಚಿಕ್ಕದು ಯಾಕೆ?

ಮಾರನೆಯ ಭಾನುವಾರ ಶಿಫ್ಟಿನವರೆಲ್ಲ ಇಸ್ತ್ರಿ ಅಂಗಿ ಹಾಕಿಕೊಂಡು ಮೈದಾನಕ್ಕೆ ಬಂದರು. ಕೋದಂಡಪ್ಪ ಕಣ್ಣಿಟ್ಟು ನೋಡಿದರೆ ಸಾಲಿನ ನಡುವೆ ನಿಂತ ಆರುಮುಗಂನ ಮೂಗು ಮಾತ್ರ ಕಂಡಿತು. ಹಿಂದೆ ಸರಿದ. ಮೂಗಿನ ಜೊತೆ ಮೀಸೆ ಬಂತು. ಇನ್ನೂ ಹಿಂದೆ ಸರಿದು ಬೇಲಿಗೆ ಬೆನ್ನು ತಾಗಿದಾಗ ಆರುಮುಗಂನ ಪೂರ್ತಿ ಮುಖ ಬಂತು. ಉಳಿದ ಮೂವತ್ತೊಂಬತ್ತು ಮಂದಿ ಎಲ್ಲೂ ಇಲ್ಲ.

ಶಿಫ್ಟಿನವರ ನಗು ಮುಗಿಯಲು ಒಂದು ವಾರ ಬೇಕಾಯಿತು. ಆಮೇಲೆ ಫೋಟೋ ತೊಳೆದು ಬಂತು. ಅಷ್ಟು ದೂರದಲ್ಲಿ ಕ್ಯಾಮೆರಾ ಇದೆಯೆಂಬುದನ್ನೇ ಮರೆತು ಆರುಮುಗಂ ಯಾರದೋ ಮಾತಿಗೆ ಬಾಯಿತುಂಬ ನಕ್ಕಿದ್ದ. ಹಣೆಯ ಒಂದೊಂದು ಗೆರೆಯೂ ಅಲ್ಲಿತ್ತು. ಅವನ ಹೆಂಡತಿ ಮಾರಿಯಮ್ಮ ಅದನ್ನು ಕೈಯಲ್ಲಿ ಹಿಡಿದು, "ಇದು ತಾನ್ ಎಂಗ ಆಳು! ಇವ್ನೇ ನಂ ಯಜಮಾನ. ಮನೇಲಿ ನಗೋದು ಇಂಗೇ," ಎಂದು ಲೈನಿನ ತುದಿಯಿಂದ ತುದಿಗೆ ತೋರಿಸಿಕೊಂಡು ಬಂದಳು. ಅಂದಿನಿಂದ ಕೋದಂಡಪ್ಪನಿಗೆ ಗುಂಪಿನ ಫೋಟೋದ ಹಂಬಲವೇ ಹೋಯಿತು. ಶಿಫ್ಟಿನ ಒಬ್ಬೊಬ್ಬರನ್ನೂ ದೂರದಿಂದ, ಅವರಿಗೆ ಗೊತ್ತಾಗದ ಹಾಗೆ ಹಿಡಿಯತೊಡಗಿದ.

ಲೆನ್ಸು ಭಾರ. ಕೈಯಲ್ಲಿ ಹಿಡಿದರೆ ಅಲುಗಾಡುತ್ತಿತ್ತು. ಬಡಗಿ ಮಾಡಿಕೊಟ್ಟ ಮೂರು ಕಾಲಿನ ಸ್ಟ್ಯಾಂಡು ಎರಡು ದಿನಕ್ಕೆ ಲಟಕ್ಕೆಂದಿತು. ಕೊನೆಗೆ ಅವನು ಕಂಡುಕೊಂಡ ಸ್ಟ್ಯಾಂಡೆಂದರೆ ಹೆಂಡತಿಯ ಹೆಗಲು. ಅದರ ಮೇಲೆ ಲೆನ್ಸಿಟ್ಟು, ಬೆಳಕಿನ ಮತ್ತು ವೇಗದ ಅಂಕಿಗಳನ್ನು ಹೊಂದಿಸುತ್ತ, "ಬಿಸಿಲಿಗೆ ಹನ್ನೊಂದು, ಇನ್ನೂರೈವತ್ತು, ಉಸಿರು ಹಿಡಿ," ಎಂದು ಮಂತ್ರದಂತೆ ಹೇಳಿ ಒತ್ತುತ್ತಿದ್ದ. ಮಕ್ಕಳಿಲ್ಲದ ಆ ಮನೆಯಲ್ಲಿ ಭಾನುವಾರಗಳು ಕಳೆದದ್ದೇ ಹಾಗೆ. ಕೇಳಿ ಕೇಳಿ ವೆಂಕಟರತ್ನಮ್ಮನಿಗೆ ಅದು ಬಾಯಿಪಾಠವಾಗಿತ್ತು.

*

ಮಧ್ಯಾಹ್ನ ಹೆಣಕ್ಕೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಓಣಿಯ ಚಪ್ಪರದ ಕೆಳಗೆ ಕುರ್ಚಿಯಲ್ಲಿ ಕೂರಿಸಿದರು. ಅವರ ಮನೆತನದಲ್ಲಿ ಕೂರಿಸಿಯೇ ಒಯ್ಯುವುದು. ವೆಂಕಟರತ್ನಮ್ಮ ಎದ್ದು ಹೋಗಿ ಕ್ಯಾಮೆರಾ ತಂದಳು. ರೀಲಿನಲ್ಲಿ ಇನ್ನೂ ಆರು ಫೋಟೋಕ್ಕೆ ಜಾಗವಿತ್ತು.

ಎದುರಿಗೆ ಮುಂದಿನ ಲೈನಿನ ಕಿಟಕಿಯಿಲ್ಲದ ಹಿತ್ತಿಲ ಗೋಡೆ. ಅದಕ್ಕೆ ಬೆನ್ನು ಒತ್ತಿ ನಿಂತು ನೋಡಿದಳು. ಎಲ್ಲ ಮಂಜು. ಲೆನ್ಸಿನ ಉಂಗುರವನ್ನು ತುದಿಯವರೆಗೂ ತಿರುಗಿಸಿದಳು, ಆದರೂ ಮಂಜೇ. ಹನ್ನೆರಡು ಅಡಿಯೊಳಗೆ ಇದ್ದದ್ದು ಆ ಲೆನ್ಸಿಗೆ ಕಾಣುವುದಿಲ್ಲ. ಓಣಿಯ ಅಗಲ ಎಂಟಡಿ. ಪಕ್ಕಕ್ಕೆ ಸರಿದರೆ ಚಪ್ಪರದ ಗೂಟ, ಜನ, ಗಂಡನ ಒಂದು ಕಿವಿ.

"ಗಂಡನ ಪಕ್ಕ ಕೂರೋದು ಬಿಟ್ಟು ಇದೇನಮ್ಮ ಆಟ?" ಎಂದು ಊರಿನಿಂದ ಬಂದಿದ್ದ ಹಿರಿಯ ಮುನಿಸ್ವಾಮಪ್ಪ ಗದರಿದ.

"ಜನ ನೋಡ್ತಾವ್ರೆ ಅತ್ತಿಗೆ," ಸೊಣ್ಣಪ್ಪ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಗುಣಿ ತೋಡಾಯ್ತು. ಆ ಹಸು ಒಂದಿನಾನೂ ನಮ್ಗೆ ಹಾಲು ಕರೀಲಿಲ್ಲ, ಇವತ್ತು ಕರೀತದಾ?"

ವೆಂಕಟರತ್ನಮ್ಮನಿಗೆ ರೇಗಿತು. "ನಿಮ್ಮ ದೇವರ ಗೂಡಿನಾಗೆ ನಿಮ್ಮವ್ವನ ಫೋಟೋ ಐತಲ್ಲ, ರಾಗಿ ಕೇರ್ತಾ ನಗ್ತಾ ಇರೋದು. ಅದು ಯಾವ ಹಸಿನ ಹಾಲು ಸೊಣ್ಣಪ್ಪ?"

ದಿನಾ ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದು ಆ ಫೋಟೋಕ್ಕೆ ಕೈಮುಗಿಯದೆ ಸೊಣ್ಣಪ್ಪ ತಿಂಡಿ ತಿನ್ನುತ್ತಿರಲಿಲ್ಲ. ಟವೆಲು ಕೊಡವಿಕೊಂಡು ಚಟ್ಟದ ಕಡೆ ಹೋದ.

ವೆಂಕಟರತ್ನಮ್ಮ ಮುನಿಸ್ವಾಮಪ್ಪನನ್ನು ಕೇಳಿದಳು: "ದೊಡ್ಡಪ್ಪ, ನಡುದಾರೀಲಿ ಚಟ್ಟ ಇಳಿಸೋದು ಎಲ್ಲಿ?"

"ಮೂರು ದಾರಿ ಕೂಡ್ತದಲ್ಲ, ಅಲ್ಲಿ. ಅಲ್ಲೀಗಂಟ ಅವನ ಮುಖ ಮನೆ ಕಡೆ ಇರ್ತದೆ. ತಮ್ಮ ಮೂರು ಸುತ್ತು ಬಂದ ಮ್ಯಾಲೆ ತಿರುಗಿಸ್ಬಿಡ್ತೀವಿ. ಆಮೇಲೆ ಮುಖ ಮಣ್ಣಿನ ಕಡೆ. ಮತ್ತೆ ಈ ಕಡೆ ತಿರುಗಂಗಿಲ್ಲ."

"ಹೆಂಗಸರು ಎಲ್ಲೀಗಂಟ ಬರ್ಬೋದು?"

"ಕೊಳಾಯಿಗಂಟ. ಅದ್ರಾಚೆ ಒಂದೆಜ್ಜೆ ಇಡಂಗಿಲ್ಲ."

ಕೊಳಾಯಿಗೂ ಮೂರು ದಾರಿಗೂ ಇಪ್ಪತ್ತು ಹೆಜ್ಜೆ. ವರ್ಷಗಟ್ಟಲೆ ಆ ದಾರಿಯಲ್ಲಿ ನೀರು ಹೊತ್ತವಳಿಗೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಹಕ್ಕಿ ಲೆನ್ಸಿಗೆ ಮುಖ ಹಿಡಿಯಲು ಹೇಳಿ ಮಾಡಿಸಿದ ದೂರ ಅದು.

"ಸರಿ, ಕೊಳಾಯಿ ದಾಟಲ್ಲ," ಅಂದಳು.

*

ಒಂದು ಸಲ ಕೋದಂಡಪ್ಪ ಆ ಲೆನ್ಸನ್ನು ಮಾರಲು ಹೊರಟಿದ್ದ. ತಮ್ಮನ ಹಂಗಿಸುವಿಕೆ ತಲೆಗೇರಿ, ಹೆಂಡತಿಯನ್ನೂ ಕರೆದುಕೊಂಡು ಬಂಗಾರಪೇಟೆಯಲ್ಲಿ ರೈಲು ಬದಲಾಯಿಸಿ ಬೆಂಗಳೂರಿಗೆ ಹೋದ. ಹಸುವಿನ ಕತೆ ಕೇಳಿದ ಕ್ಯಾಮೆರಾ ಅಂಗಡಿಯವನು ಹಕ್ಕಿ ಲೆನ್ಸನ್ನು ತಿರುಗಿಸಿ ತಿರುಗಿಸಿ ನೋಡಿ ಖುಷಿಪಟ್ಟ.

"ಇದನ್ನು ಕೊಡಿ. ಬದಲಿಗೆ ಚಿಕ್ಕ ಲೆನ್ಸು ಹೊಸದು ತಗೊಳ್ಳಿ, ಮೇಲೆ ನಿಮ್ಮ ಹಸುವಿನ ದುಡ್ಡೂ ಬರುತ್ತೆ. ಮದುವೆ, ನಾಮಕರಣ, ಎಲ್ಲ ಹಿಡಿಯುತ್ತೆ ಸ್ವಾಮಿ. ಇದರಲ್ಲಿ ಏನು ತೆಗೀತೀರಿ, ಗುಬ್ಬಿನಾ?"

ವೆಂಕಟರತ್ನಮ್ಮ ರಸ್ತೆಯ ಆಚೆ ಸೇವಂತಿಗೆ ಮಾರುವವಳ ಜೊತೆ ಚೌಕಾಸಿಗೆ ಇಳಿದಿದ್ದಳು. ಕೋದಂಡಪ್ಪ ಅಂಗಡಿ ಬಾಗಿಲಲ್ಲಿ ನಿಂತು ಮೊದಲು ಚಿಕ್ಕ ಲೆನ್ಸಿನಲ್ಲಿ ನೋಡಿದ. ಬಸ್ಸು, ಆಟೋ, ಬೋರ್ಡು, ಇಡೀ ರಸ್ತೆ ಕಂಡಿತು. ಅದರಲ್ಲಿ ಹೆಂಡತಿ ಎಲ್ಲಿದ್ದಾಳೆಂದು ಹುಡುಕಬೇಕಾಯಿತು. ಆಮೇಲೆ ದೊಡ್ಡದರಲ್ಲಿ ನೋಡಿದ. ರಸ್ತೆಯೇ ಇಲ್ಲ. ಮೂಗುತಿ, ಬೆವರಿದ ತುಟಿಯಂಚು, ಒಂದು ಮೊಳ ಹೂವಿಗಾಗಿ ಜಗಳಕ್ಕೆ ನಿಂತ ಎರಡು ಕಣ್ಣು. ಹದಿನೆಂಟು ವರ್ಷ ಒಟ್ಟಿಗೆ ಬಾಳಿದವಳನ್ನು ಅವನು ಅಷ್ಟು ಹೊತ್ತು ಕಣ್ತುಂಬ ನೋಡಿದ್ದು ಅದೇ ಮೊದಲು.

"ಏನು ತೀರ್ಮಾನ ಮಾಡಿದ್ರಿ?" ಅಂಗಡಿಯವನು ಕೇಳಿದ.

"ಕೊಡಲ್ಲ," ಅಂದ ಕೋದಂಡಪ್ಪ.

ವಾಪಸ್ಸು ಬರುವಾಗ ರೈಲಿನಲ್ಲಿ ಅವಳು, "ಲೆನ್ಸು ಹಂಗೇ ವಾಪಸ್ ಬಂತು, ಹಸೂನೂ ಇಲ್ಲ. ಇಷ್ಟು ದೂರ ಯಾಕೆ ಬಂದ್ವಿ?" ಎಂದು ಕೇಳಿದ್ದಳು. ಅವನು ಅವಳ ಜಡೆಯ ಹೂವು ನೋಡುತ್ತ, "ನಿನ್ನ ನೋಡಾಕೆ," ಎಂದಿದ್ದ. ತಮಾಷೆ ಎಂದುಕೊಂಡು ಅವಳು ಅವನ ತೋಳಿಗೆ ಗುದ್ದಿದ್ದಳು.

*

ತಮಟೆ ಬಡಿಯಿತು. ಕುರ್ಚಿ ಕಟ್ಟಿದ ಚಟ್ಟ ನಾಲ್ವರ ಹೆಗಲೇರಿತು. ಮುಖ ಮನೆ ಕಡೆ, ನಡಿಗೆ ಮಣ್ಣಿನ ಕಡೆ. ಹಿಂದೆ ಹೊರಟ ಹೆಂಗಸರನ್ನು ನೋಡುತ್ತಲೇ ಕೋದಂಡಪ್ಪ ಓಣಿ ದಾಟಿದ. ಕೊಳಾಯಿಯ ಹತ್ತಿರ ಹೆಂಗಸರು ನಿಂತರು, ಅಳು ಜೋರಾಯಿತು. ವೆಂಕಟರತ್ನಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಮಾರಿಯಮ್ಮನ ಕಡೆ ತಿರುಗಿದಳು.

"ಮಾರಿಯಮ್ಮ, ನಿನ್ನ ಹೆಗಲು ಕೊಡು. ಅಲ್ಲಾಡ್ಬೇಡ."

"ಎಡುತ್ಕೋ ಅಕ್ಕಾ, ತಗೋ," ಎಂದು ಅವಳು ಎರಡು ಕೈ ಮಂಡಿಗೆ ಊರಿ ಗಟ್ಟಿಯಾಗಿ ನಿಂತಳು.

ಬಿಸಿಲಿಗೆ ಹನ್ನೊಂದು. ಇನ್ನೂರೈವತ್ತು. ಉಂಗುರ ತಿರುಗಿಸಿದಂತೆ ಮಂಜು ಕರಗಿ ಮೂರು ದಾರಿ ಹತ್ತಿರ ಬಂತು. ಆಚೆ ಗಣಿಯ ಕಲ್ಲುಹುಡಿ ಸುರಿದು ಬೆಳೆದ ಸೈನೈಡ್ ಗುಡ್ಡದ ಬೂದು. ಚಟ್ಟವನ್ನು ನೆಲಕ್ಕಿಳಿಸಿದರು. ಇಳಿಸಿದ ರಭಸಕ್ಕೆ ಸೇವಂತಿಗೆ ಹಾರ ಮೇಲೆ ಜರುಗಿ ಕಣ್ಣಿನವರೆಗೂ ಮುಚ್ಚಿತು. ತಲೆ ಒಂದು ಕಡೆಗೆ ವಾಲಿತು. ಅವಳಿಗೆ ಕಂಡದ್ದು ಹೂವು ಮತ್ತು ವಿಭೂತಿ ಹಚ್ಚಿದ ಅರ್ಧ ಹಣೆ.

"ಸೊಣ್ಣಪ್ಪಾ, ಹಾರ!" ಎಂದು ಕೂಗಿದಳು. ತಮಟೆಯಲ್ಲಿ ಅದು ಅವಳ ಕಿವಿಗೇ ಕೇಳಲಿಲ್ಲ.

ಸೊಣ್ಣಪ್ಪ ಒಂದು ಸುತ್ತು ಬಂದ. ಎರಡು ಸುತ್ತು. ಅವಳ ಕಾಲು ತಾನಾಗಿ ಮುಂದಕ್ಕೆ ಹೋಗುವಂತಾಯಿತು. ಕೊಳಾಯಿಯ ಕಟ್ಟೆ ಅಡ್ಡವಿತ್ತು, ಕೊಟ್ಟ ಮಾತು ಅಡ್ಡವಿತ್ತು. ಮೂರನೆಯ ಸುತ್ತೂ ಮುಗಿಯಿತು. ಹೊರುವವರು ಬಗ್ಗಿ ಬಿದಿರಿಗೆ ಕೈ ಹಾಕಿದರು. ಎತ್ತಿದರೆ ತಿರುಗಿಸುವುದೇ. ದೇವರೇ, ಇನ್ನೊಂದು ಗಳಿಗೆ, ಎಂದು ಅವಳು ಬೇಡಿಕೊಂಡಳು.

ಸುತ್ತು ಮುಗಿಸಿ ನಿಂತ ಸೊಣ್ಣಪ್ಪ ಕೊಳಾಯಿಯ ಕಡೆ ನೋಡಿದ. ಬಗ್ಗಿ ನಿಂತ ಒಬ್ಬ ಹೆಂಗಸು, ಅವಳ ಹೆಗಲ ಮೇಲೆ ಮೊಣಕೈಯುದ್ದದ ಕರಿಯ ಲೆನ್ಸು, ಅದರ ಹಿಂದೆ ಅತ್ತಿಗೆ. ಲೆನ್ಸಿನೊಳಗಿಂದ ವೆಂಕಟರತ್ನಮ್ಮ ಅವನ ಮುಖ ಕಂಡಳು. ಗಡ್ಡ, ಕೆಂಪಾದ ಕಣ್ಣು, ಏನೋ ಕೂಗಲು ತೆರೆದ ಬಾಯಿ. ಹೊರುವವರ ಕೈಗಳು ಬಿದಿರಿನಿಂದ ಹಿಂದಕ್ಕೆ ಹೋದವು. ಮುನಿಸ್ವಾಮಪ್ಪ ಅಡ್ಡ ಬಂದು ಏನೋ ಹೇಳಿದ. ಸೊಣ್ಣಪ್ಪ ಅವನನ್ನು ಪಕ್ಕಕ್ಕೆ ಸರಿಸಿದ.

ಆಮೇಲೆ ಚೌಕಟ್ಟಿನೊಳಕ್ಕೆ ಒಂದು ಕೈ ಬಂತು. ಬಿದಿರಿನ ಸಿಬಿರು ತಾಗಿ ಗೀರಿದ, ಹಾಲು ಕರೆದು ಕರೆದು ಗಂಟಾದ ಬೆರಳುಗಳ ಕೈ. ಅದು ಹಾರವನ್ನು ಮೆಲ್ಲಗೆ ಎದೆಗೆ ಇಳಿಸಿತು. ಕೆನ್ನೆ ಹಿಡಿದು ವಾಲಿದ ತಲೆಯನ್ನು ಎತ್ತಿ ಕೊಳಾಯಿಯ ಕಡೆ ನೇರ ಮಾಡಿತು. ಕೈ ಬಿಟ್ಟರೆ ತಲೆ ಮತ್ತೆ ವಾಲಿತು. ಸೊಣ್ಣಪ್ಪ ಮತ್ತೆ ಎತ್ತಿದ. ಈ ಸಲ ಕೈ ತೆಗೆಯಲಿಲ್ಲ. ಅಣ್ಣನ ಕೆನ್ನೆಗೆ ಅಂಗೈ ಕೊಟ್ಟು ಹಾಗೇ ನಿಂತ.

ವೆಂಕಟರತ್ನಮ್ಮ ಉಸಿರು ಹಿಡಿದಳು. ಮುಖವನ್ನೂ ಕೈಯನ್ನೂ ಒಟ್ಟಿಗೆ ನಡುವಿಗೆ ತಂದುಕೊಂಡು ಒತ್ತಿದಳು.