ಹೂಳಲು ಕೇಳಿದ ತೊಗಲು

ಫಿನೈಲು ನೀರಿನಲ್ಲಿ ಅದ್ದಿ ಅದ್ದಿ ನನ್ನ ಬೆರಳ ಸಂದಿಗಳು ಸೀಳಿದ್ದವು. ಉಪ್ಪು ತಾಗಿದರೆ ಜೀವ ಹೋಗುತ್ತಿತ್ತು. ಹೊಟ್ಟೆಯ ಆಪರೇಶನ್ ಆದಮೇಲೆ ಭಾರ ಎತ್ತಬಾರದೆಂದರು. ಉಳ್ಳಾಗಡ್ಡಿ ಚೀಲ ಹೊರುವುದು ಬಿಟ್ಟು ಕಸಬರಿಗೆ ಹಿಡಿದೆ. ಬೆಟಗೇರಿಯ ಒಂದು ಪ್ರಯೋಗಶಾಲೆಯಲ್ಲಿ ನಾನೂ ಮಂಜುಳಾನೂ ನೆಲ ಒರೆಸುತ್ತಿದ್ದೆವು. ಸುಕ್ಕು ಅಳಿಸುವ ಕ್ರೀಮಿಗೆ ಹಾಕುವ ಔಷಧಗಳನ್ನು ಅಲ್ಲಿ ಮನುಷ್ಯರ ಚರ್ಮದ ಜೀವಕೋಶಗಳ ಮೇಲೆ ಹನಿಸಿ ನೋಡುತ್ತಿದ್ದರು.

ಆ ಕೋಶಗಳು ಚಪ್ಪಟೆ ತಟ್ಟೆಗಳಲ್ಲಿ, ಬೆಚ್ಚಗಿನ ಪೆಟ್ಟಿಗೆಯೊಳಗೆ ಇರುತ್ತಿದ್ದವು. ಶೈಲಾ ಮೇಡಂ ಅವಕ್ಕೆ ಗುಲಾಬಿ ಬಣ್ಣದ ನೀರು ಉಣಿಸುತ್ತಿದ್ದರು. ರವಿವಾರವೂ ಬಂದು ಉಣಿಸುತ್ತಿದ್ದರು. ನಾವು ಮೆಟ್ಟಿಲ ಕೆಳಗೆ ಕುಳಿತು ತಣ್ಣನೆಯ ರೊಟ್ಟಿ ಮುರಿಯುತ್ತಿದ್ದೆವು.

"ಕೂಸು ಮಲಗಿಸಿದಂಗ ಮೆತ್ತಗ ಬಾಗಲಾ ಹಾಕ್ತಾರ ನೋಡಬೇ," ಎಂದು ಮಂಜುಳಾ ನಗುತ್ತಿದ್ದಳು.

"ಇನ್ನೊಂದು ಜಲ್ಮ ಇದ್ರ ಆ ತಟ್ಟ್ಯಾಗ ಹುಟ್ಟಬೇಕಲೇ."

ನಗುತ್ತಲೇ ಅಂದೆ. ಹೊಟ್ಟೆಯೊಳಗೆ ಮಾತ್ರ ಕಿಚ್ಚು. ಕಣ್ಣಿಗೇ ಕಾಣದ ಜೀವಕ್ಕೆ ಇಷ್ಟು ಅಕ್ಕರೆ! ಪೆಟ್ಟಿಗೆಯ ಗಾಜು ಒರೆಸುವಾಗ ಬೇಕೆಂದೇ ಜೋರಾಗಿ ತಿಕ್ಕುತ್ತಿದ್ದೆ.

ಒಂದು ದಿನ ಕ್ರೀಮು ಕಂಪನಿಯವರು ಬಂದರು. ಪ್ರಯೋಗಶಾಲೆಯ ಮಾಲೀಕ ನಂದೀಶ ಸಾಹೇಬರು ತಟ್ಟೆ ಎತ್ತಿ ತೋರಿಸಿದರು.

"ಔಷಧಿ ಖರೆ ಕೆಲಸ ಮಾಡತೈತೋ ಇಲ್ಲೋ ನೋಡಾಕ ಮುದಿ ಚರ್ಮನ ಬೇಕ್ರಿ. ಇದು ಯಳವತ್ತಿ ಮುದುಕಿದು. ಉಳ್ಳಾಗಡ್ಡಿ ಚೀಲ ಹೊತ್ತು ಕರುಳು ಇಳಿದಿತ್ತಂತ. ಆಪರೇಶನ್ನಿನ್ಯಾಗ ಉಳಿದ ತೊಗಲು. ಮಜಾ ಅಂದ್ರ, ಕೊಯ್ದದ್ದು ಕೊಡ್ರಿ, ಊರ ಮಣ್ಣಾಗ ಹೂಳತೀನಿ ಅಂತ ಆ ಮುದುಕಿ ಗಂಟು ಬಿದ್ದಿದ್ದಳಂತ!"

ಎಲ್ಲರೂ ನಕ್ಕರು.

ಗಾಜು ಒರೆಸುತ್ತಿದ್ದ ನಾನು ಅರಿವೆ ಕೆಳಗಿಟ್ಟೆ. ಯಳವತ್ತಿ ನನ್ನೂರು. ಕೂಸಿನ ಹೊಕ್ಕಳ ಬಳ್ಳಿಯಾಗಲಿ, ಮೈಯಿಂದ ಕೊಯ್ದದ್ದಾಗಲಿ, ನಾವು ಮಣ್ಣಿಗೇ ಕೊಡುತ್ತೇವೆ. ಆವತ್ತು ಆಸ್ಪತ್ರೆಯಲ್ಲಿ ಸೆರಗೊಡ್ಡಿ ಕೇಳಿದ್ದೆ. "ಸುಟ್ಟು ಹಾಕೀವಿ, ಹೋಗಬೇ" ಅಂದಿದ್ದರು.

ಇಷ್ಟು ದಿನ ನಾನು ಹೊಟ್ಟೆಕಿಚ್ಚು ಪಟ್ಟದ್ದು ನನ್ನ ಮೈಯ ಮೇಲೆಯೇ. ಗೊತ್ತಾದ ಮೇಲೂ ಕಿಚ್ಚು ಆರಲಿಲ್ಲ, ಹೆಚ್ಚಾಯಿತು. ನನ್ನಿಂದ ಕೊಯ್ದ ಚೂರಿಗೆ ಬೆಚ್ಚನೆಯ ಮನೆ. ಉಳಿದ ನನಗೆ ಮೆಟ್ಟಿಲ ಬುಡ.

"ಆ ಮುದುಕಿ ನಾನ ರೀ," ಅಂದೆ.

ಸಾಹೇಬರ ನಗು ನಿಂತಿತು. "ಅಲ್ಲಬೇ, ಒಗೆಯೋ ತೊಗಲದು. ನಿನಗೇನು ಲುಕ್ಸಾನ?"

"ಒಗೆಯೋದಿದ್ರ ನನ್ನ ಉಡ್ಯಾಗ ಒಗೀಬೇಕಿತ್ತು. ಸುಟ್ಟೀವಿ ಅಂತ ಆಸ್ಪತ್ರ್ಯಾಗ ಸುಳ್ಳು ಯಾಕ ಹೇಳಿದ್ರು?"

ಶೈಲಾ ಮೇಡಂ ಗುಲಾಬಿ ನೀರಿನ ಬಾಟಲಿ ಹಿಡಿದು ಬಂದರು. "ಮುದುಕವ್ವಾ, ಅತ್ತಾಗ ಸರಿ. ಹೊತ್ತಾತು, ಅವು ಸಾಯತಾವು."

ನಾನು ಪೆಟ್ಟಿಗೆಯ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತೆ. ಬೆನ್ನಿಗೆ ಬೆಚ್ಚಗಾಯಿತು.

"ಮೊದಲ ನನ್ನ ಕೇಳ್ರಿ. ಆಮ್ಯಾಲೆ ಅದಕ್ಕ ಉಣಿಸ್ರಿ."

ಮಂಜುಳಾ ಕಸಬರಿಗೆ ಒಗೆದು ನನ್ನ ಮಗ್ಗುಲಿಗೆ ಬಂದು ಕುಳಿತಳು.

"ಸಾಹೇಬ್ರ, ನನ್ನ ಹೆರಿಗಿ ಆಪರೇಶನ್ನೂ ಅದ ಆಸ್ಪತ್ರ್ಯಾಗ ಆಗೇತಿ. ನಂದು ಯಾವ ತಟ್ಟ್ಯಾಗ ಐತ್ರಿ?"

ಕಂಪನಿಯವರು ಸಾಹೇಬರ ಮುಖ ನೋಡಿದರು. ಸಾಹೇಬರು ನೆಲ ನೋಡಿದರು. ಬೆಳಿಗ್ಗೆಯಷ್ಟೇ ನಾವು ಒರೆಸಿದ ನೆಲ.